ಮಗನ ಹೊಸ ಕಾರು ಟ್ರ್ಯಾಕಿಗೆ ಹೊರಡುವ ಮುನ್ನ



ಅರಸೀಕೆರೆಯ ಸಹೋದರಿಯೊಬ್ಬರು ಬರೆದ ಪತ್ರ ನನ್ನ ಮುಂದಿದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವರ ಮಗ ಹೊಸ ಕಾರು ಕೊಂಡಿದ್ದಾನೆ. ಸಾಮಾನ್ಯ ಕಾರಲ್ಲ, ಬಹಳ ವೇಗದ ಕಾರು. ‘ಅಮ್ಮಿ, ವರ್ಷಕ್ಕೆ ಎರಡು ಮೂರು ಸಲ ಚೆನ್ನೈ ಹತ್ತಿರದ ಟ್ರ್ಯಾಕಿಗೆ ಹೋಗಿ ಮನಸ್ಸಿಗೆ ಬಂದಂತೆ ಓಡಿಸಿ ಬರುತ್ತೇನೆ’ ಎನ್ನುತ್ತಾನಂತೆ. ತಂದೆ ‘ಬೇಡ’ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದಾರೆ. ಮಗ ಮುಖ ಊದಿಸಿಕೊಂಡಿದ್ದಾನೆ. ನಡುವೆ ಸಿಕ್ಕಿಕೊಂಡ ತಾಯಿ ಎರಡು ಪ್ರಶ್ನೆ ಕೇಳಿದ್ದಾರೆ. ಇದು ಪ್ರಾಣಕ್ಕೆ ಕುತ್ತು ತರುವ ಆಟವೇ? ಹೋಗಲೇಬೇಕು ಎಂದಾದರೆ ಕಾರಿಗೆ ಏನೇನು ಮಾಡಿಸಬೇಕು?

ಅಡುಗೆ, ಮಕ್ಕಳ ಓದು, ಅತ್ತೆ ಸೊಸೆಯರ ಮುನಿಸು ಎಂದು ಬರೆಯುತ್ತಿದ್ದ ಈ ಪುಟದಲ್ಲಿ ಕಾರಿನ ಬ್ರೇಕ್ ಬಗ್ಗೆ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಮನೆಯ ಮುಂದೆ ನಿಂತ ವಾಹನವೂ ಮನೆಯ ಸಂಗತಿಯೇ. ಮಗ ಕೀಲಿ ಎತ್ತಿಕೊಂಡು ಹೊರಟ ಮೇಲೆ ರಾತ್ರಿ ಅವನು ಬರುವ ತನಕ ಬಾಗಿಲ ಕಡೆ ಕಿವಿಗೊಟ್ಟು ಕೂರುವವರು ನಾವು ತಾನೇ?

ಮೊದಲು ಆ ಕಾರು ಎಂಥದ್ದು ಎಂದು ತಿಳಿದುಕೊಳ್ಳೋಣ. ನಮ್ಮಲ್ಲಿ ಅನೇಕರ ಮನೆಗೆ ಬಂದ ಮೊದಲ ಕಾರು ಮಾರುತಿ 800. ಅದರ ಹಳೆಯ ಮಾದರಿಗಳ ಎಂಜಿನ್ನಿಗೆ ನಲವತ್ತು ಅಶ್ವಶಕ್ತಿಯೂ ಇರಲಿಲ್ಲ. ಅದರಲ್ಲೇ ಇಡೀ ಸಂಸಾರ ಮದುವೆ, ಮುಂಜಿ, ಆಸ್ಪತ್ರೆ ಎಲ್ಲ ಸುತ್ತಿತು. ಈಗ ಬರುತ್ತಿರುವ ವೇಗದ ಕಾರುಗಳಿಗೆ ಒಂದು ಉದಾಹರಣೆ, 2025ರಲ್ಲಿ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ. ಅದರ ಶಕ್ತಿ 265 ಅಶ್ವಶಕ್ತಿ. ನಿಂತ ಜಾಗದಿಂದ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟಲು ಅದಕ್ಕೆ ಆರು ಸೆಕೆಂಡೂ ಬೇಡ. ನೀವು ಒಂದು ಲೋಟ ನೀರು ಕುಡಿದು ಮುಗಿಸುವುದರೊಳಗೆ ಅದು ಅಷ್ಟು ವೇಗ ಹಿಡಿದಿರುತ್ತದೆ. ಆ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಮುಂದೆ ಹೋಗುತ್ತದೆ. ಚಾಲಕ ಮೊಬೈಲ್ ಕಡೆ ಎರಡು ಸೆಕೆಂಡ್ ನೋಡಿದರೆ ಸಾಕು, ಐವತ್ತು ಮೀಟರಿಗೂ ಹೆಚ್ಚು ದೂರವನ್ನು ಅದು ಕಣ್ಣು ಕಟ್ಟಿಕೊಂಡೇ ಓಡಿರುತ್ತದೆ.

ಇಂಥ ಕಾರನ್ನು ಕೊಂಡ ಹುಡುಗ ಅದನ್ನು ಸದಾ ಅರವತ್ತರ ವೇಗದಲ್ಲಿ ಓಡಿಸುತ್ತಾನೆ ಎಂದು ನಂಬುವ ತಂದೆ ತಾಯಿಗೆ ನಾನೇನು ಹೇಳಲಿ? ಟ್ರ್ಯಾಕಿಗೆ ಬೇಡ ಎಂದಾಕ್ಷಣ ಅವನ ಕಾಲು ಹಗುರವಾಗುವುದಿಲ್ಲ. ಆ ವೇಗ ಬೇರೆ ಎಲ್ಲೋ ಹೊರಬರುತ್ತದೆ. ಎಲ್ಲಿ? ನಮ್ಮ ಬಿ.ಎಚ್. ರಸ್ತೆಯಲ್ಲಿ. ತಿಪಟೂರಿನ ಕಡೆಗೆ ಹೋಗುವ ದಾರಿಯ ನೇರ ತುಂಡುಗಳಲ್ಲಿ, ಬಾಣಾವರ ದಾಟಿ ಕಡೂರಿನ ಕಡೆ, ಮುಂಜಾನೆ ಐದು ಗಂಟೆಗೆ, ಯಾರೂ ಇಲ್ಲ ಎಂದುಕೊಂಡು. ಆದರೆ ಆ ಹೊತ್ತಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡ ಸೈಕಲ್ ಇರುತ್ತದೆ. ತೆಂಗಿನಕಾಯಿ ತುಂಬಿ, ಹಿಂದಿನ ದೀಪವಿಲ್ಲದೆ ಹೊರಟ ಟ್ರ್ಯಾಕ್ಟರ್ ಇರುತ್ತದೆ. ಫಜ್ರ್ ನಮಾಜ್ ಮುಗಿಸಿ ರಸ್ತೆ ದಾಟುವ ವೃದ್ಧರಿರುತ್ತಾರೆ. ನಾಯಿ, ದನ, ಹೆಸರಿಲ್ಲದ ರಸ್ತೆ ಉಬ್ಬು ಎಲ್ಲವೂ ಇರುತ್ತವೆ.

2022ರ ಅಕ್ಟೋಬರ್ 15ರ ರಾತ್ರಿಯನ್ನು ಅರಸೀಕೆರೆಯವರು ಮರೆತಿರಲಾರರು. ತಾಲ್ಲೂಕಿನ ಗಾಂಧಿನಗರದ ಬಳಿ ಯಾತ್ರೆ ಮುಗಿಸಿ ಮನೆಗೆ ಮರಳುತ್ತಿದ್ದ ಟೆಂಪೊ ಟ್ರಾವೆಲರ್, ಬಸ್ಸು ಮತ್ತು ಹಾಲಿನ ಟ್ಯಾಂಕರಿನ ನಡುವೆ ಸಿಕ್ಕಿ ಒಂಬತ್ತು ಜನ ತೀರಿಕೊಂಡರು. ಅವರಲ್ಲಿ ಮಕ್ಕಳೂ ಇದ್ದರು. ಅಲ್ಲಿ ಯಾರೂ ರೇಸ್ ಆಡುತ್ತಿರಲಿಲ್ಲ. ದಿನನಿತ್ಯದ ಓಡಾಟದಲ್ಲೇ ನಮ್ಮ ರಸ್ತೆ ಇಷ್ಟು ನಿರ್ದಯವಾಗಿರುವಾಗ, 265 ಅಶ್ವಶಕ್ತಿಯನ್ನು ಪರೀಕ್ಷಿಸಲು ಅದೇ ರಸ್ತೆಗೆ ಇಳಿದರೆ ಏನಾದೀತು ಎಂದು ಯೋಚಿಸಿ.

ಆದ್ದರಿಂದ ಸಹೋದರಿ, ನನ್ನ ಅಭಿಪ್ರಾಯ ನಿಮ್ಮ ಯಜಮಾನರಿಗಿಂತ ಸ್ವಲ್ಪ ಬೇರೆ. ಕಾರು ಮನೆಗೆ ಬರುವ ಮೊದಲು ಬೇಡ ಎಂದಿದ್ದರೆ ಅದು ಸರಿಯಾದ ಮಾತಾಗುತ್ತಿತ್ತು. ಬಂದ ಮೇಲೆ ಅದಕ್ಕೆ ಓಡಲು ಸರಿಯಾದ ಜಾಗ ತೋರಿಸುವುದೇ ಮೇಲು. ಮಗನನ್ನು ಕಳಿಸಿ. ಆದರೆ ಷರತ್ತು ಹಾಕಿ ಕಳಿಸಿ. ಯಾವ ಷರತ್ತು ಎಂಬುದೇ ಈ ಲೇಖನ.

ಟ್ರ್ಯಾಕ್ ಎಂದರೆ ಏನೆಂದು ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ. ಅದು ಎದುರಿನಿಂದ ಯಾರೂ ಬಾರದ, ಒಂದೇ ದಿಕ್ಕಿನಲ್ಲಿ ಸುತ್ತುವ, ಬೇಲಿ ಹಾಕಿದ ಡಾಂಬರು ದಾರಿ. ನಮಗೆ ಹತ್ತಿರವಾದ ದೊಡ್ಡ ಟ್ರ್ಯಾಕುಗಳು ಎರಡೂ ತಮಿಳುನಾಡಿನಲ್ಲಿವೆ. ಒಂದು ಶ್ರೀಪೆರಂಬದೂರಿನ ಪಕ್ಕದ ಇರುಂಗಾಟ್ಟುಕೋಟೈ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಕಟ್ಟಿದ ಇದು 1990ರಲ್ಲಿ ಆರಂಭವಾಯಿತು. ಒಂದು ಸುತ್ತು ಸುಮಾರು 3.7 ಕಿಲೋಮೀಟರ್, ಹನ್ನೆರಡು ತಿರುವು. ಇನ್ನೊಂದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, 2.1 ಕಿಲೋಮೀಟರ್. ಇವು ಬರುವ ಮೊದಲು ರೇಸುಗಳು ನಡೆಯುತ್ತಿದ್ದುದು ಮದ್ರಾಸಿನ ಹೊರಗಿನ ಶೋಲಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ಹಳೆಯ ವಿಮಾನದ ಓಟದಾರಿಯ ಮೇಲೆ. ಬೆಂಗಳೂರಿನ ವಿಜಯ್ ಮಲ್ಯ ಅವರು ಎಂಬತ್ತರ ದಶಕದ ಆರಂಭದಲ್ಲಿ ಹಳೆಯ ಫಾರ್ಮುಲಾ ಒನ್ ಕಾರೊಂದನ್ನು ಓಡಿಸಿದ್ದು ಅಲ್ಲೇ. ಆಗ ಅದು ಶ್ರೀಮಂತರ ಹವ್ಯಾಸವಾಗಿತ್ತು. ಈಗಲೂ ಅಗ್ಗವೇನಲ್ಲ. ಆದರೆ ಸಂಬಳದ ಹುಡುಗರೂ ಸ್ವಂತ ಕಾರಿನಲ್ಲಿ ಒಂದು ದಿನದ ಶುಲ್ಕ ಕಟ್ಟಿ ಹೋಗಿ ಬರುವಂತಾಗಿದೆ. ಅದನ್ನೇ ‘ಟ್ರ್ಯಾಕ್ ಡೇ’ ಎನ್ನುತ್ತಾರೆ. ಅಲ್ಲಿ ಬಹುಮಾನವಿಲ್ಲ, ಗೆಲ್ಲುವುದು ಸೋಲುವುದು ಇಲ್ಲ. ಹದಿನೈದು ಇಪ್ಪತ್ತು ನಿಮಿಷದ ಸರದಿಗಳಲ್ಲಿ ಓಡಿಸಬೇಕು, ನಡುನಡುವೆ ಕಾರನ್ನು ತಣಿಸಬೇಕು. ತಿರುವುಗಳಲ್ಲಿ ಬಾವುಟ ಹಿಡಿದ ಮಾರ್ಷಲ್‌ಗಳು, ಬೆಂಕಿ ಆರಿಸುವ ಸಾಧನ, ಆಂಬುಲೆನ್ಸ್ ಇರುತ್ತವೆ. ಇವು ಇಲ್ಲದ ಕಡೆ ಯಾರಾದರೂ ‘ಟ್ರ್ಯಾಕ್ ಡೇ’ ಎಂದು ಕರೆದರೆ, ಖಾಲಿ ಲೇಔಟ್, ಹಾಳುಬಿದ್ದ ಏರ್‌ಸ್ಟ್ರಿಪ್ ಎಂದೆಲ್ಲ ಹೇಳಿದರೆ ಮಗ ಹೋಗಕೂಡದು. ಇದು ಮೊದಲನೆಯ ಷರತ್ತು.

ಇನ್ನು ಕಾರಿನ ಸಿದ್ಧತೆ. ‘ಟ್ರ್ಯಾಕಿಗೆ ರೆಡಿ ಮಾಡಬೇಕು’ ಎಂದಾಗ ಹುಡುಗರ ತಲೆಗೆ ಮೊದಲು ಬರುವುದು ಎಂಜಿನ್ನಿನ ಶಕ್ತಿ ಹೆಚ್ಚಿಸುವುದು. ಕಂಪ್ಯೂಟರಿನ ಲೆಕ್ಕ ಬದಲಿಸುವುದು, ಸದ್ದು ಮಾಡುವ ಸೈಲೆನ್ಸರ್ ಹಾಕಿಸುವುದು, ಕಾರನ್ನು ನೆಲಕ್ಕೆ ತಗ್ಗಿಸುವುದು. ಇವು ಯಾವುವೂ ಬೇಡ. ಕಂಪನಿಯವರು ಕೊಟ್ಟ ಶಕ್ತಿಯನ್ನು ಪೂರ್ತಿ ಬಳಸಲು ಕಲಿಯುವುದಕ್ಕೇ ಎರಡು ಮೂರು ವರ್ಷ ಬೇಕು. ತಗ್ಗಿಸಿದ ಕಾರು ನಮ್ಮೂರಿನ ಮೊದಲ ರಸ್ತೆ ಉಬ್ಬಿಗೇ ಹೊಟ್ಟೆ ಉಜ್ಜಿಕೊಳ್ಳುತ್ತದೆ. ಕಾನೂನೂ ಬಿಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿ ಪುಸ್ತಕದಲ್ಲಿರುವ, ತಯಾರಕರು ಕೊಟ್ಟ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಕಂಪನಿಯ ವಾರಂಟಿಯೂ ಕೈತಪ್ಪುತ್ತದೆ.

ನಿಜವಾಗಿ ಗಮನ ಕೊಡಬೇಕಾದದ್ದು ಓಡುವುದಕ್ಕಲ್ಲ, ನಿಲ್ಲುವುದಕ್ಕೆ. ಇದನ್ನು ಒಲೆಯ ಲೆಕ್ಕದಲ್ಲಿ ಹೇಳುತ್ತೇನೆ. ಚಾಲಕನೂ ಸೇರಿ ಒಂದೂವರೆ ಟನ್ ತೂಗುವ ಕಾರು ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಬಂದು ತಿರುವಿನ ಮುಂದೆ 60ಕ್ಕೆ ಇಳಿಯಬೇಕು ಎಂದಿಟ್ಟುಕೊಳ್ಳಿ. ಕಳೆದುಕೊಂಡ ಆ ವೇಗವೆಲ್ಲ ಬಿಸಿಯಾಗಿ ಬ್ರೇಕಿಗೆ ಹೋಗುತ್ತದೆ. ಆ ಬಿಸಿಯಲ್ಲಿ ನಲ್ಲಿಯಿಂದ ಹಿಡಿದ ಮೂರು ನಾಲ್ಕು ಲೀಟರ್ ತಣ್ಣೀರನ್ನು ಕುದಿಸಬಹುದು. ನಿಮ್ಮ ಒಲೆಯ ಮೇಲೆ ಅಷ್ಟು ನೀರು ಕುದಿಯಲು ಹದಿನೈದು ನಿಮಿಷ ಹಿಡಿಯುತ್ತದೆ. ಇಲ್ಲಿ ಅದು ಮೂರು ನಾಲ್ಕು ಸೆಕೆಂಡಿನ ಕೆಲಸ. ಒಂದು ಸುತ್ತಿನಲ್ಲಿ ಹೀಗೆ ಹಲವು ಸಲ, ಒಂದು ಸರದಿಯಲ್ಲಿ ಏಳೆಂಟು ಸುತ್ತು! ರಸ್ತೆಯಲ್ಲಿ ಎಂದಿಗೂ ಇಷ್ಟು ಬಿಸಿ ಹುಟ್ಟುವುದಿಲ್ಲ. ಮಂಗಳೂರಿಗೆ ಹೋಗುವಾಗ ಶಿರಾಡಿ ಘಾಟಿ ಇಳಿಯುವ ಲಾರಿಗಳ ಹಿಂದೆ ಮೂಗಿಗೆ ಬಡಿಯುವ ಸುಟ್ಟ ವಾಸನೆ ನಿಮಗೆ ಗೊತ್ತಿದೆಯಲ್ಲ, ಅದೇ ಕಾದ ಬ್ರೇಕಿನ ವಾಸನೆ. ಟ್ರ್ಯಾಕಿನಲ್ಲಿ ಹೊಸ ಕಾರೂ ಹತ್ತೇ ನಿಮಿಷದಲ್ಲಿ ಆ ಲಾರಿಯ ಸ್ಥಿತಿಗೆ ಬರಬಲ್ಲದು.

ಇಲ್ಲಿ ಒಂದು ಸಣ್ಣ ವಸ್ತು ಜೀವ ಉಳಿಸುತ್ತದೆ ಅಥವಾ ತೆಗೆಯುತ್ತದೆ. ಅದು ಬ್ರೇಕ್ ಆಯಿಲ್. ನೀವು ಪೆಡಲ್ ತುಳಿದಾಗ ಆ ಒತ್ತಡವನ್ನು ಚಕ್ರದ ತನಕ ಒಯ್ಯುವುದು ಅದೇ. ಅದಕ್ಕೊಂದು ಕೆಟ್ಟ ಗುಣವಿದೆ. ಮುಚ್ಚಳ ಸರಿಯಿಲ್ಲದ ಡಬ್ಬಿಯ ಉಪ್ಪಿನಂತೆ ಗಾಳಿಯಲ್ಲಿರುವ ತೇವವನ್ನು ಮೆಲ್ಲಗೆ ಹೀರಿಕೊಳ್ಳುತ್ತದೆ. ‘ಡಾಟ್ 4’ ಎಂಬ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಎಂಥ ವ್ಯತ್ಯಾಸ ನೋಡಿ. ಕುದಿದರೆ ಅದರಲ್ಲಿ ಗುಳ್ಳೆ ಏಳುತ್ತದೆ. ದ್ರವವನ್ನು ಅದುಮಲಾಗದು, ಗುಳ್ಳೆಯನ್ನು ಅದುಮಬಹುದು. ಹಾಗಾಗಿ ಪೆಡಲ್ ಒತ್ತಿದರೆ ಅದು ಸೀದಾ ನೆಲಕ್ಕೆ ಹೋಗುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಕಾರು ಹೊಸದು ಎಂದು ಸುಮ್ಮನಿರಬೇಡಿ. ಕಾರ್ಖಾನೆ, ಹಡಗು, ಗೋದಾಮು, ಶೋರೂಮ್ ಎಂದು ಅದು ಎಷ್ಟು ತಿಂಗಳು ನಿಂತಿತ್ತೋ! ಟ್ರ್ಯಾಕಿಗೆ ಹೋಗುವ ವಾರ ಹಳೆಯ ಬ್ರೇಕ್ ಆಯಿಲನ್ನು ಪೂರ್ತಿ ತೆಗೆಸಿ, ಕೈಪಿಡಿಯಲ್ಲಿ ಹೇಳಿದ ಜಾತಿಯದೇ ಆದ, ಹೆಚ್ಚು ಬಿಸಿ ತಡೆಯುವ ಹೊಸ ಆಯಿಲ್ ಹಾಕಿಸಬೇಕು. ಗಾಳಿ ಉಳಿಯದಂತೆ ನಾಲ್ಕೂ ಚಕ್ರಗಳಲ್ಲಿ ತೆಗೆಸಬೇಕು. ಬಾಟಲಿ ಆಗ ತಾನೇ ಸೀಲ್ ಒಡೆದದ್ದಾಗಿರಲಿ, ವರ್ಕ್‌ಶಾಪಿನ ಮೂಲೆಯಲ್ಲಿ ಅರ್ಧ ಉಳಿದದ್ದಲ್ಲ. ‘ಡಾಟ್ 5’ ಎಂಬುದು ಬೇರೆಯೇ ಜಾತಿಯದು, ಸಿಲಿಕೋನಿನದು. ಅಂಕೆ ದೊಡ್ಡದಿದೆ ಎಂದು ಅದನ್ನು ಸುರಿಸಬಾರದು. ಈ ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಈ ಪ್ಯಾರಾವನ್ನು ನೆನಪಿಡಿ. ಸಾವಿರಾರು ರೂಪಾಯಿಯ ಅಲಂಕಾರಕ್ಕೆ ಹಣ ಕೊಡುವ ಹುಡುಗರು ಕೆಲವು ನೂರು ರೂಪಾಯಿಯ ಈ ಬಾಟಲಿಯನ್ನು ಮರೆಯುತ್ತಾರೆ.

ಬ್ರೇಕ್ ಪ್ಯಾಡ್ ವಿಷಯವೂ ಹಾಗೆಯೇ. ಕಂಪನಿಯ ಪ್ಯಾಡು ರಸ್ತೆಗೆಂದು ಮಾಡಿದ್ದು. ಮೊದಲ ಒಂದೆರಡು ಸಲ, ನಿಧಾನವಾಗಿ ಕಲಿಯುವಾಗ ಅದೇ ಸಾಕು, ಆದರೆ ದಪ್ಪ ಅರ್ಧಕ್ಕಿಂತ ಹೆಚ್ಚು ಉಳಿದಿರಬೇಕು. ಆಮೇಲೆ ವೇಗ ಹೆಚ್ಚಿದಂತೆ ಬಿಸಿ ತಡೆಯುವ ಬೇರೆ ಪ್ಯಾಡ್ ಬೇಕಾಗುತ್ತದೆ. ಅಪ್ಪಟ ರೇಸಿನ ಪ್ಯಾಡುಗಳನ್ನು ಊರಿನಲ್ಲಿ ಇಟ್ಟುಕೊಳ್ಳಬಾರದು. ಅವು ಕಾಯುವ ತನಕ ಸರಿಯಾಗಿ ಹಿಡಿಯುವುದಿಲ್ಲ. ಮನೆಯಿಂದ ಹೊರಟು ಮೊದಲ ಸರ್ಕಲ್ಲಿನಲ್ಲೇ ಮಗು ಅಡ್ಡ ಬಂದರೆ? ಹೊಸ ಪ್ಯಾಡ್ ಹಾಕಿಸಿದರೆ ಅದನ್ನು ಡಿಸ್ಕಿಗೆ ಹೊಂದಿಸಲು ತಯಾರಕರು ಹೇಳಿದಂತೆ ಹಲವು ಸಲ ಮೆಲ್ಲಗೆ ಬ್ರೇಕ್ ಹಾಕಿ ಪಳಗಿಸಬೇಕು. ಪಳಗಿಸದ ಪ್ಯಾಡಿನಲ್ಲಿ ನೇರವಾಗಿ ಟ್ರ್ಯಾಕಿಗೆ ಇಳಿಯಬಾರದು.

ಟೈರಿನ ಬಗ್ಗೆ ಹುಡುಗರಿಗೆ ನನಗಿಂತ ಹೆಚ್ಚು ಗೊತ್ತಿರುತ್ತದೆ, ಆದರೆ ಗಾಳಿಯ ಬಗ್ಗೆ ಗೊತ್ತಿರುವುದಿಲ್ಲ. ತಣ್ಣಗಿರುವಾಗ 33 ಇದ್ದ ಒತ್ತಡ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು ಹೊಡೆಯುವಷ್ಟರಲ್ಲಿ 38, 40 ಆಗಿರುತ್ತದೆ. ಉಬ್ಬಿದ ಟೈರಿನ ನಡುಭಾಗ ಮಾತ್ರ ನೆಲಕ್ಕೆ ತಾಗುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಆದ್ದರಿಂದ ಸ್ವಂತದ್ದೊಂದು ಒಳ್ಳೆಯ ಗೇಜ್ ಇರಬೇಕು. ಪ್ರತಿ ಸರದಿ ಮುಗಿದ ಕೂಡಲೇ ಬಿಸಿಯಲ್ಲೇ ಅಳೆದು, ಅಲ್ಲಿನ ತರಬೇತುದಾರರು ಹೇಳಿದಷ್ಟು ಗಾಳಿ ಬಿಡಬೇಕು. ಹಗಲೆಲ್ಲ ಹೀಗೆ ಬಿಟ್ಟ ಗಾಳಿಯನ್ನು ಸಂಜೆ ಊರಿಗೆ ಹೊರಡುವ ಮೊದಲು ಮತ್ತೆ ತುಂಬಿಸಿಕೊಳ್ಳಬೇಕು ಎಂಬುದನ್ನು ಮಾತ್ರ ಬಹಳ ಜನ ಮರೆಯುತ್ತಾರೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆ ಒತ್ತಿರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ‘1225’ ಎಂದಿದ್ದರೆ 2025ರ ಹನ್ನೆರಡನೇ ವಾರ ತಯಾರಾದದ್ದು. ಹೊಸ ಕಾರಿನಲ್ಲೂ ಇದನ್ನು ಓದಿ ನೋಡಲಿ. ಟೈರಿನ ಹೊರ ಅಂಚಿನಂತೆ ಒಳ ಅಂಚನ್ನೂ ಬಗ್ಗಿ ನೋಡಬೇಕು. ಚಕ್ರದ ನಟ್ಟುಗಳನ್ನು ಪಂಕ್ಚರ್ ಅಂಗಡಿಯಲ್ಲಿ ಕಾಲಿನಿಂದ ತುಳಿದು ಬಿಗಿ ಮಾಡುವ ಪಾನಾ ಇಲ್ಲಿ ನಡೆಯುವುದಿಲ್ಲ. ಕೈಪಿಡಿಯಲ್ಲಿ ಕೊಟ್ಟ ಅಳತೆಗೆ ಟಾರ್ಕ್ ರೆಂಚಿನಲ್ಲಿ ಬಿಗಿ ಮಾಡಬೇಕು, ಟ್ರ್ಯಾಕಿನಲ್ಲಿ ಮತ್ತೆ ನೋಡಬೇಕು.

ಎಂಜಿನ್ನಿನ ಕೆಲಸ ಕಡಿಮೆ. ಕಾರು ಹೊಸದಾದ್ದರಿಂದ ಮೊದಲ ಸಾವಿರ ಸಾವಿರದೈನೂರು ಕಿಲೋಮೀಟರ್ ತನಕ, ಅಂದರೆ ಕೈಪಿಡಿ ಹೇಳುವ ತನಕ, ಪೂರ್ತಿ ಆಕ್ಸಿಲರೇಟರ್ ತುಳಿಯಬಾರದು. ಹೊಸ ಸೊಸೆಗೆ ಮೊದಲ ವಾರವೇ ಇಡೀ ಬಳಗದ ಅಡುಗೆ ಹೊರಿಸುವುದಿಲ್ಲವಲ್ಲ, ಹಾಗೆ. ಮೊದಲ ಸರ್ವಿಸ್ ಆದ ಮೇಲಷ್ಟೇ ಟ್ರ್ಯಾಕಿನ ಮಾತು. ಎಂಜಿನ್ ಆಯಿಲ್ ಮಟ್ಟ ಕಡ್ಡಿಯ ಮೇಲಿನ ಗುರುತಿನ ಹತ್ತಿರ ಇರಲಿ. ಜೋರಾದ ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿಯುತ್ತದೆ, ಕಡಿಮೆಯಿದ್ದರೆ ಎಂಜಿನ್ ಕ್ಷಣಕಾಲ ಒಣಗುತ್ತದೆ. ಪೆಟ್ರೋಲೂ ಅರ್ಧ ಟ್ಯಾಂಕಿಗಿಂತ ಕಡಿಮೆಯಾಗದಿರಲಿ. ಮರಳಿ ಬಂದ ಮೇಲೆ ಆಯಿಲನ್ನು ನಿಗದಿತ ಅವಧಿಗಿಂತ ಬೇಗ ಬದಲಿಸುವುದು ಒಳ್ಳೆಯದು. ಪ್ರತಿ ಸರದಿಯ ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದಂತೆ, ನಿಧಾನವಾಗಿ ಓಡಿಸಬೇಕು. ಓಡುವ ಗಾಳಿಯೇ ಬ್ರೇಕನ್ನೂ ಟರ್ಬೊವನ್ನೂ ತಣಿಸುತ್ತದೆ. ಬಂದು ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯಬಾರದು. ಕೆಂಡದಂತಿರುವ ಡಿಸ್ಕಿಗೆ ಪ್ಯಾಡ್ ಒತ್ತಿಕೊಂಡೇ ಇದ್ದರೆ ಎರಡೂ ಕೆಡುತ್ತವೆ. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಅಡ್ಡ ಕೊಡುವುದೇ ರೂಢಿ. ಈಗಿನ ಕಾರುಗಳಲ್ಲಿ ಪಾರ್ಕಿಂಗ್ ಬ್ರೇಕ್ ತಾನಾಗಿಯೇ ಬೀಳುವುದುಂಟು, ಅದನ್ನು ತಡೆಯುವ ಬಗೆ ಕೈಪಿಡಿಯಲ್ಲಿರುತ್ತದೆ. ಕೈಪಿಡಿ ಎಂಬ ಪುಸ್ತಕವನ್ನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಿಂದ ಒಮ್ಮೆಯೂ ಹೊರತೆಗೆಯದವರೇ ನಮ್ಮಲ್ಲಿ ಹೆಚ್ಚು.

ಕಾರಿನ ಒಳಗೆ ತಾಯಂದಿರ ಕೈಗೂ ಕೆಲಸವಿದೆ. ಹೊರಡುವ ಹಿಂದಿನ ದಿನ ಮಗನ ಜೊತೆ ನಿಂತು ಕಾರನ್ನು ಪೂರ್ತಿ ಖಾಲಿ ಮಾಡಿಸಿ. ನೀರಿನ ಬಾಟಲಿ, ಟಿಶ್ಯೂ ಪೆಟ್ಟಿಗೆ, ಅತ್ತರಿನ ಸೀಸೆ, ಚಿಲ್ಲರೆ ಕಾಸು, ತಂಗಿಯ ಕ್ಲಿಪ್ಪು ಇವೆಲ್ಲ ಜೋರು ಬ್ರೇಕಿನಲ್ಲಿ ಕಲ್ಲಿನಂತೆ ಹಾರುತ್ತವೆ. ಒಂದು ಬಾಟಲಿ ಉರುಳಿ ಬ್ರೇಕ್ ಪೆಡಲಿನ ಅಡಿಗೆ ಹೋದರೆ ಮುಂದೆ ಹೇಳಬೇಕಾಗಿಲ್ಲ. ಚಾಲಕನ ಕಾಲಡಿಯ ಮ್ಯಾಟನ್ನೂ ತೆಗೆಯಬೇಕು. ಕನ್ನಡಿಗೆ ನೇತುಹಾಕಿದ ತಸ್ಬೀಹ್ ಇದ್ದರೆ ಅದನ್ನು ಬಿಚ್ಚಿ ಜೇಬಿನಲ್ಲಿ ಇಟ್ಟುಕೊಳ್ಳಲಿ. ಅದು ತೂಗಾಡುತ್ತಾ ಕಣ್ಣಿಗೆ ಅಡ್ಡ ಬರಬಾರದು. ಡಿಕ್ಕಿಯಲ್ಲಿರುವ ಜ್ಯಾಕು, ಪಾನಾಗಳನ್ನು ಓಡಿಸುವ ಹೊತ್ತಿಗೆ ಕೆಳಗಿಳಿಸಬೇಕು. ಅಲ್ಲೇ ಇರುವ, ಕಾರನ್ನು ಎಳೆಯಲು ಬಳಸುವ ಕೊಕ್ಕೆಯನ್ನು ಮಾತ್ರ ಬಂಪರಿಗೆ ತಿರುಗಿಸಿ ಹಾಕಿಕೊಂಡೇ ಇಳಿಯಬೇಕು. ಕಾರು ಜಲ್ಲಿಯಲ್ಲಿ ಹೂತರೆ ಅದನ್ನು ಹಿಡಿದೇ ಎಳೆಯುತ್ತಾರೆ.

ಬಟ್ಟೆ ಹತ್ತಿಯದಿರಲಿ, ಕೈಕಾಲು ಮುಚ್ಚುವಂಥದ್ದು. ಕ್ರೀಡೆಯ ನೈಲಾನ್ ಅಂಗಿ ಬೆಂಕಿಗೆ ಕರಗಿ ಮೈಗೆ ಅಂಟುತ್ತದೆ. ಅಡಿ ತೆಳುವಾದ ಬೂಟು, ಸಂಘಟಕರು ಹೇಳಿದ ದರ್ಜೆಯ ಹೆಲ್ಮೆಟ್ಟು. ಗೆಳೆಯನ ಹೆಲ್ಮೆಟ್ ಎರವಲು ಬೇಡ, ತಲೆಗೆ ಸರಿಯಾಗಿ ಕೂರದ ಹೆಲ್ಮೆಟ್ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಹಿಂದಿನ ರಾತ್ರಿ ಪೂರ್ತಿ ನಿದ್ದೆ ಆಗಿರಬೇಕು. ಅರಸೀಕೆರೆಯಿಂದ ಇರುಂಗಾಟ್ಟುಕೋಟೈಗೆ ಬೆಂಗಳೂರಿನ ಮೇಲೆ ಹೋದರೆ ಹತ್ತಿರ ಹತ್ತಿರ ಐನೂರು ಕಿಲೋಮೀಟರ್. ರಾತ್ರಿಯೆಲ್ಲ ಓಡಿಸಿಕೊಂಡು ಹೋಗಿ ಬೆಳಿಗ್ಗೆ ಟ್ರ್ಯಾಕಿಗೆ ಇಳಿಯುವ ಪೌರುಷ ಬೇಡ. ಹಿಂದಿನ ದಿನವೇ ಹೋಗಿ ತಂಗಬೇಕು.

ಕಾರಿಗಿಂತ ಹೆಚ್ಚು ಸಿದ್ಧತೆ ಬೇಕಾಗುವುದು ಓಡಿಸುವವನಿಗೆ. ಮೊದಲ ಸಲ ಹೋದಾಗ ಪಕ್ಕದಲ್ಲಿ ತರಬೇತುದಾರ ಕೂರಬೇಕು. ಅದಕ್ಕೆ ಬೇರೆ ಹಣ ಕೇಳಿದರೂ ಕೊಡಲಿ, ಅದು ಟೈರಿಗೆ ಹಾಕುವ ಹಣಕ್ಕಿಂತ ಸಾರ್ಥಕ. ‘ನನಗೆ ಓಡಿಸಲು ಬರುತ್ತದೆ’ ಎನ್ನುವ ಹುಡುಗನಿಗೆ ಕಾಸರಗೋಡಿನ ಮೂಸಾ ಶರೀಫ್ ಅವರ ಬಗ್ಗೆ ಹೇಳಿ. ಅವರು ಸ್ಟಿಯರಿಂಗ್ ಹಿಡಿಯುವವರಲ್ಲ, ರಾಲಿ ಕಾರಿನಲ್ಲಿ ಚಾಲಕನ ಪಕ್ಕದಲ್ಲಿ ಕುಳಿತು ಮುಂದಿನ ತಿರುವನ್ನು ಓದಿ ಹೇಳುವ ನ್ಯಾವಿಗೇಟರ್. ರಾಷ್ಟ್ರೀಯ ರಾಲಿ ಚಾಂಪಿಯನ್ ಪಟ್ಟವನ್ನು ಹಲವು ಬಾರಿ ಪಡೆದವರು. ದೇಶದ ಅತಿ ವೇಗದ ಚಾಲಕರೂ ಪಕ್ಕದವರ ಮಾತು ಕೇಳಿಯೇ ತಿರುವು ತೆಗೆದುಕೊಳ್ಳುತ್ತಾರೆ. ಹಾಗಿರುವಾಗ ಹೊಸಬ ಕೇಳಿದರೆ ಮಾನ ಹೋಗುವುದೇ? ಇದು ಗಂಡುಹುಡುಗರ ಸ್ವತ್ತು ಎಂದೂ ಅಂದುಕೊಳ್ಳಬೇಡಿ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬೈಕಿನಲ್ಲಿ ಮಹಿಳೆಯರ ಬಾಹಾ ವಿಶ್ವಕಪ್ ಗೆದ್ದಾಕೆ. ನಿಮ್ಮ ಮಗಳು ‘ನಾನೂ ಬರುತ್ತೇನೆ’ ಎಂದರೆ ಅವಳಿಗೂ ಇದೇ ಷರತ್ತು.

ಬಾವುಟಗಳ ಅರ್ಥವನ್ನು ಬಾಯಿಪಾಠ ಮಾಡಿಸಿ, ನೀವೇ ಕೇಳಿ ಒಪ್ಪಿಸಿಕೊಳ್ಳಿ. ಹಳದಿ ಎಂದರೆ ಮುಂದೆ ಅಪಾಯ, ನಿಧಾನಿಸು, ಯಾರನ್ನೂ ಹಿಂದಿಕ್ಕಬೇಡ. ಕೆಂಪು ಎಂದರೆ ಓಟ ನಿಂತಿತು, ಮೆಲ್ಲಗೆ ಒಳಗೆ ಬಾ. ನೀಲಿ ಎಂದರೆ ಹಿಂದೆ ವೇಗದ ಕಾರಿದೆ, ಅದಕ್ಕೆ ದಾರಿ ಕೊಡು. ದಾರಿ ಕೊಡುವುದು ಸೋಲಲ್ಲ ಎಂಬುದು ನಮ್ಮ ಹುಡುಗರ ತಲೆಗೆ ಹೋಗುವುದೇ ಕಷ್ಟ. ಪೆಡಲ್ ಸ್ವಲ್ಪ ಕೆಳಕ್ಕೆ ಹೋದಂತೆ ಅನ್ನಿಸಿದರೆ, ಸುಟ್ಟ ವಾಸನೆ ಬಂದರೆ, ಮೈ ದಣಿದರೆ, ಸರದಿಯಲ್ಲಿ ಎಷ್ಟೇ ನಿಮಿಷ ಉಳಿದಿದ್ದರೂ ಒಳಗೆ ಬರಬೇಕು. ‘ಕೊಟ್ಟ ಹಣ ವಸೂಲಾಗಲಿ, ಕೊನೆಯದೊಂದು ಸುತ್ತು’ ಎಂದು ಹೊರಟ ಸುತ್ತಿನಲ್ಲೇ ಬಹಳಷ್ಟು ಕಾರುಗಳು ಗೋಡೆಗೆ ಹೋಗುವುದು.

ಇನ್ನು ಹಣದ ಮಾತು. ಇದನ್ನು ತಂದೆಯವರು ಗಮನವಿಟ್ಟು ಓದಲಿ. ನಮ್ಮ ದೇಶದ ಖಾಸಗಿ ಕಾರಿನ ಸಾಮಾನ್ಯ ವಿಮಾ ಪತ್ರದಲ್ಲಿ ಒಂದು ಸಾಲು ಇರುತ್ತದೆ. ಸಂಘಟಿತ ರೇಸ್, ವೇಗದ ಪರೀಕ್ಷೆ ಮೊದಲಾದ ಬಳಕೆಗೆ ಈ ವಿಮೆ ಅನ್ವಯಿಸುವುದಿಲ್ಲ ಎಂದು. ‘ಟ್ರ್ಯಾಕ್ ಡೇ ರೇಸ್ ಅಲ್ಲವಲ್ಲ’ ಎಂದು ಮಗ ವಾದಿಸಬಹುದು. ವಾದಿಸಿದ ಮಾತ್ರಕ್ಕೆ ವಿಮಾ ಕಂಪನಿ ಹಣ ಕೊಡುವುದಿಲ್ಲ. ಟ್ರ್ಯಾಕಿನಲ್ಲಿ ಕಾರು ಗೋಡೆಗೆ ಬಡಿದರೆ ಪೂರ್ತಿ ನಷ್ಟ ಸ್ವಂತ ಜೇಬಿನದು ಎಂದೇ ಲೆಕ್ಕ ಹಾಕಬೇಕು. ಸಂಶಯವಿದ್ದರೆ ಕಂಪನಿಗೆ ಬರೆದು, ಬರಹದಲ್ಲೇ ಉತ್ತರ ಪಡೆಯಬೇಕು, ಏಜೆಂಟರ ಬಾಯಿಮಾತು ಸಾಲದು. ಆ ನಷ್ಟವನ್ನು ಭರಿಸುವ ಶಕ್ತಿ ಇಲ್ಲದಿದ್ದರೆ, ಕಾರಿನ ಸಾಲ ಇನ್ನೂ ತೀರದೆ ತಂಗಿಯ ಮದುವೆಯೂ ಎದುರಿಗಿದ್ದರೆ, ಈ ವರ್ಷ ಬೇಡ ಎನ್ನುವುದಕ್ಕೆ ಅದೊಂದು ನ್ಯಾಯವಾದ ಕಾರಣ. ಅಪಾಯ ಎಂದು ಹೆದರಿಸುವುದಕ್ಕಿಂತ ಲೆಕ್ಕದ ಹಾಳೆ ಮುಂದಿಟ್ಟು ಮಾತನಾಡಿದರೆ ಹುಡುಗರು ಕೇಳುತ್ತಾರೆ. ಅದರಲ್ಲಿ ಟ್ರ್ಯಾಕಿನ ಶುಲ್ಕ, ಪೆಟ್ರೋಲು, ತಂಗುವ ಖರ್ಚು, ಬೇಗ ಸವೆಯುವ ಟೈರು ಪ್ಯಾಡು ಎಲ್ಲ ಇರಲಿ.

ಇನ್ನೊಂದು ಕಡೆಯ ಲೆಕ್ಕವನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಆಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಂತೆ ಮೊದಲ ಸಲಕ್ಕೆ ಮೂರು ತಿಂಗಳ ತನಕ ಸೆರೆ ಅಥವಾ 5,000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಮರುಕಳಿಸಿದರೆ ಒಂದು ವರ್ಷ ಅಥವಾ 10,000 ರೂಪಾಯಿ ತನಕ, ಇಲ್ಲವೇ ಎರಡೂ. 2019ರ ತಿದ್ದುಪಡಿ ಬರುವ ಮೊದಲು ಇದು ಒಂದು ತಿಂಗಳು, 500 ರೂಪಾಯಿಯಷ್ಟೇ ಇತ್ತು. ಅದೇ ತಿದ್ದುಪಡಿ ಇನ್ನೊಂದು ಕಲಮನ್ನೂ ತಂದಿತು, 199ಎ. ಹದಿನೆಂಟು ತುಂಬದ ಹುಡುಗ ವಾಹನ ಓಡಿಸಿ ಅಪರಾಧ ಮಾಡಿದರೆ ಪಾಲಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದ ತನಕ ಸೆರೆ, 25,000 ರೂಪಾಯಿ ದಂಡ. ಅಣ್ಣನ ಹೊಸ ಕಾರಿನ ಕೀಲಿ ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದು, ಮನೆಯಲ್ಲಿ ಹದಿನಾರರ ತಮ್ಮನಿದ್ದರೆ, ಆ ಮೊಳೆಯನ್ನು ಇಂದೇ ಕೀಳಿಸಿ. ಹಬ್ಬದ ದಿನ ಹೊಸ ಬಟ್ಟೆ ತೊಟ್ಟು, ಮೂವರು ಒಂದೇ ಬೈಕಿನಲ್ಲಿ ಊರು ಸುತ್ತುವ ತಮ್ಮಂದಿರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಗ ಒಪ್ಪಿದರೆ ಅವನಿಂದ ಒಂದು ಮಾತು ತೆಗೆದುಕೊಳ್ಳಿ. ಟ್ರ್ಯಾಕಿಗೆ ನಾವು ಅಡ್ಡ ಬರುವುದಿಲ್ಲ, ರಸ್ತೆಯಲ್ಲಿ ನೀನು ನಿನ್ನ ಅಬ್ಬಾನಂತೆ ಓಡಿಸಬೇಕು ಎಂದು. ಸಾಧ್ಯವಿದ್ದರೆ ಮೊದಲ ಸಲ ತಂದೆಯವರೂ ಜೊತೆಗೆ ಹೋಗಲಿ. ಓಡಿಸುವ ಹೊತ್ತಿನಲ್ಲಿ ಕಾರಿನಲ್ಲಲ್ಲ, ಹೊರಗೆ ನೆರಳಿನಲ್ಲಿ. ಹೆಚ್ಚಿನ ಹುಡುಗರಿಗೆ ತಮ್ಮ ಕಾರು ಎಲ್ಲಿ ಜಾರುತ್ತದೆ, ನಿಲ್ಲಲು ಎಷ್ಟು ದೂರ ಬೇಕು ಎಂದು ಮೊದಲ ಬಾರಿ ಕಣ್ಣಿಗೆ ಕಾಣುವುದು ಅಲ್ಲಿಯೇ. ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಶಾಲೆಯ ಪುಸ್ತಕದಲ್ಲಿ ಓದಿ ಮರೆತವರಿಗೆ ಕಾಲಿನ ಅಡಿಯಲ್ಲೇ ಅದು ತಿಳಿಯುತ್ತದೆ.

ಮರಳಿ ಬರುವ ದಿನದ ಬಗ್ಗೆ ಒಂದಿಷ್ಟು. ಸಂಜೆ ಟ್ರ್ಯಾಕ್ ಮುಗಿದ ಕೂಡಲೇ ಹೊರಡಬಾರದು. ಬ್ರೇಕ್ ಪೂರ್ತಿ ತಣಿಯಲಿ. ಪೆಡಲ್ ಮೊದಲಿನಷ್ಟೇ ಗಟ್ಟಿಯಾಗಿದೆಯೇ ಎಂದು ನಿಂತಲ್ಲೇ ಒತ್ತಿ ನೋಡಲಿ, ಮೆತ್ತಗಾಗಿದ್ದರೆ ಬ್ರೇಕ್ ಆಯಿಲ್ ಮತ್ತೆ ಬದಲಿಸದೆ ಹೆದ್ದಾರಿಗೆ ಇಳಿಯಬಾರದು. ಪ್ಯಾಡ್ ಎಷ್ಟು ಉಳಿದಿದೆ, ಟೈರಿನಲ್ಲಿ ಗುಳ್ಳೆ ಎದ್ದಿದೆಯೇ, ನಟ್ಟು ಸಡಿಲವಾಗಿದೆಯೇ ಎಂದು ಬೆಳಕಿನಲ್ಲಿ ನೋಡಬೇಕು. ಬಿಟ್ಟ ಗಾಳಿ ತುಂಬಿಸಬೇಕು, ಮ್ಯಾಟು, ಜ್ಯಾಕು ಒಳಗಿಡಬೇಕು. ಹಗಲೆಲ್ಲ 160ರಲ್ಲಿ ಓಡಿಸಿದವನಿಗೆ ಹೆದ್ದಾರಿಯ 80 ನಿಂತಂತೆ ತೋರುತ್ತದೆ. ಅದಕ್ಕೇ ಆ ರಾತ್ರಿ ಅಲ್ಲೇ ಮಲಗಿ, ಬೆಳಿಗ್ಗೆ ತಿಂಡಿ ತಿಂದು ಹೊರಡುವುದು ಒಳ್ಳೆಯದು. ಬೆಂಗಳೂರು ದಾಟಿ, ತುಮಕೂರು, ಗುಬ್ಬಿ, ತಿಪಟೂರು ಕಳೆದು ಅರಸೀಕೆರೆಗೆ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ, ಶಾಲೆ ಬಿಟ್ಟ ಮಕ್ಕಳು ಬಿ.ಎಚ್. ರಸ್ತೆಯಲ್ಲಿರುತ್ತಾರೆ.